ಸೆರೆಸಿಕ್ಕವರ ಸುದ್ದಿ ಮನೆಗೆ ಬರುವ ದಾರಿ

ಪ್ರಶ್ನೆ: ನಮ್ಮ ಅಜ್ಜಿಯ ಅಣ್ಣ ಮೈಸೂರು ಇನ್‌ಫ್ಯಾಂಟ್ರಿಯಲ್ಲಿದ್ದರು. ಸಿಂಗಪುರದಲ್ಲಿ ಜಪಾನಿನವರ ಕೈಗೆ ಸಿಕ್ಕಿಬಿದ್ದರಂತೆ. ಅವರು ಇದ್ದಾರೋ ಇಲ್ಲವೋ ಎಂಬುದೇ ಬಹಳ ಕಾಲ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಶತ್ರುವಿನ ಸೆರೆಯಲ್ಲಿರುವವರ ಸುದ್ದಿ ಮನೆಗೆ ಹೇಗೆ ಬರುತ್ತದೆ? ಅಷ್ಟು ತಡವೇಕೆ? ಅಂಥವರ ದಾಖಲೆ ಈಗ ಎಲ್ಲಾದರೂ ಸಿಗುತ್ತದೆಯೆ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಅಜ್ಜಿ ಹೇಳಿದ್ದು ಅವರೊಬ್ಬರ ಮನೆಯ ಕಥೆಯಲ್ಲ. 1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನಿಗೆ ಶರಣಾದಾಗ ಬ್ರಿಟಿಷ್, ಆಸ್ಟ್ರೇಲಿಯನ್ ಸೈನಿಕರ ಜೊತೆಗೆ 40,000ದಷ್ಟು ಭಾರತೀಯ ಸೈನಿಕರೂ ಸೆರೆಯಾದರು. ಮೈಸೂರು, ಹೈದರಾಬಾದ್, ಬಹಾವಲ್ಪುರದಂಥ ಸಂಸ್ಥಾನಗಳ ಪಡೆಗಳೂ ಮಲಯದ ರಕ್ಷಣೆಗೆಂದು ಹೋಗಿದ್ದವು. ಅಷ್ಟೂ ಮನೆಗಳಿಗೆ ಬರುತ್ತಿದ್ದ ಕಾಗದ ಒಮ್ಮೆಲೇ ನಿಂತುಹೋಯಿತು. ಬಂದದ್ದು ಹೆಚ್ಚೆಂದರೆ ಸರ್ಕಾರದ ಒಂದು ಒಕ್ಕಣೆ: ನಿಮ್ಮವರು ಕಾಣೆಯಾಗಿದ್ದಾರೆ, ಸೆರೆಯಾಗಿರಬಹುದು. ಅದರಾಚೆಗೆ ಸರ್ಕಾರಕ್ಕೂ ಏನೂ ಗೊತ್ತಿರಲಿಲ್ಲ.

ಸೆರೆಸಿಕ್ಕವನು ಯಾರು ಎಂಬುದು ಅವನನ್ನು ಹಿಡಿದವರಿಗೆ ಮಾತ್ರ ಗೊತ್ತಿರುತ್ತದೆ. ಕಾಳಗ ಮುಗಿದ ಮೇಲೆ ಹಾಜರಿ ಕೂಗಿದಾಗ ಓಗೊಡದವನು ಸತ್ತಿರಬಹುದು, ಗಾಯಗೊಂಡು ಎಲ್ಲೋ ಬಿದ್ದಿರಬಹುದು, ದಾರಿ ತಪ್ಪಿರಬಹುದು, ಶತ್ರುವಿನ ಕೈಗೆ ಸಿಕ್ಕಿರಬಹುದು. ಇವುಗಳಲ್ಲಿ ಯಾವುದು ನಿಜವೆಂದು ಅವನ ಸ್ವಂತ ಸೈನ್ಯಕ್ಕೂ ತಿಳಿಯದು. ಹಿಡಿದವರು ಹೆಸರು ಹೇಳಬೇಕು. ಹೇಳಿದರೆ ಕೆಲವೇ ವಾರಗಳಲ್ಲಿ ಮನೆಗೆ ಸುದ್ದಿ. ಹೇಳದಿದ್ದರೆ ವರ್ಷಗಟ್ಟಲೆ ಕಾಯುವುದು, ಕೆಲವರ ಪಾಲಿಗಂತೂ ಇಡೀ ಆಯುಷ್ಯ. ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರವೆಲ್ಲ ಈ ಒಂದು ಸಂಗತಿಯ ಸುತ್ತಲೇ ಇದೆ.

ಶತ್ರುಗಳು ಪರಸ್ಪರ ಮಾತಾಡುವುದಿಲ್ಲವಾದ್ದರಿಂದ ನಡುವೆ ಇಬ್ಬರೂ ನಂಬುವ ಮೂರನೆಯವರು ಬೇಕು. ಆ ಕೆಲಸವನ್ನು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿರುವ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಮಾಡುತ್ತ ಬಂದಿದೆ. 1870ರ ಫ್ರಾನ್ಸ್–ಪ್ರಷ್ಯಾ ಯುದ್ಧದಲ್ಲಿ ಬಾಸೆಲ್ ನಗರದಲ್ಲೊಂದು ಸಣ್ಣ ಕಚೇರಿಯಿಂದ ಇದು ಶುರುವಾಯಿತು. ಆದರೆ ಅದರ ನಿಜವಾದ ಪರೀಕ್ಷೆ ಎದುರಾದದ್ದು ಮೊದಲನೆಯ ಮಹಾಯುದ್ಧದಲ್ಲಿ. ಯುದ್ಧ ಆರಂಭವಾಗಿ ತಿಂಗಳು ತುಂಬುವ ಮೊದಲೇ, 1914ರ ಆಗಸ್ಟ್ 21ರಂದು, ಜಿನೀವಾದಲ್ಲಿ ಯುದ್ಧಕೈದಿಗಳ ಏಜೆನ್ಸಿಯನ್ನು ತೆರೆದರು. ಕಾಗದಗಳು ಹೊಳೆಯಾಗಿ ಹರಿದುಬಂದವು. ಇದ್ದ ಜಾಗ ಸಾಲದೆ, ಊರ ನಡುವಿನ ರಾಥ್ ಎಂಬ ಕಲಾ ಮ್ಯೂಸಿಯಂಗೆ ಕಚೇರಿಯನ್ನು ಸಾಗಿಸಿದರು. ಚಿತ್ರಗಳಿದ್ದ ಹಜಾರಗಳಲ್ಲಿ ಉದ್ದುದ್ದ ಮೇಜುಗಳು, ಮೇಜಿನ ಮೇಲೆ ಕಾರ್ಡುಗಳು ಒತ್ತೊತ್ತಾಗಿ ನಿಂತ ಪೆಟ್ಟಿಗೆಗಳು, ಮುಂದೆ ಕುಳಿತ ಸ್ವಯಂಸೇವಕರು. ಅವರಲ್ಲಿ ಹೆಚ್ಚಿನವರು ಹೆಂಗಸರು. ರಾಮಕೃಷ್ಣ, ವಿವೇಕಾನಂದ, ಗಾಂಧೀಜಿಯವರ ಜೀವನಚರಿತ್ರೆಗಳನ್ನು ಬರೆದ ರೊಮೇನ್ ರೋಲಾ ನಮ್ಮ ಓದುಗರಿಗೆ ಗೊತ್ತು. ಅವರೂ ಆ ಮ್ಯೂಸಿಯಂನಲ್ಲಿ ತಿಂಗಳುಗಟ್ಟಲೆ ಕುಳಿತು, ಗುರುತು ಪರಿಚಯ ಇಲ್ಲದ ತಾಯಂದಿರ ಕಾಗದಗಳಿಗೆ ಉತ್ತರ ಬರೆದವರು. ಮುಂದೆ ಬಂದ ನೊಬೆಲ್ ಬಹುಮಾನದ ಹಣದಲ್ಲೂ ಒಂದು ಪಾಲನ್ನು ಏಜೆನ್ಸಿಗೆ ಕೊಟ್ಟರು.

ಕೆಲಸದ ರೀತಿ ಹೀಗಿತ್ತು. ತಾಯಿಯೊಬ್ಬಳು ಬರೆಯುತ್ತಾಳೆ: ನನ್ನ ಮಗನ ಹೆಸರು ಇಂಥದ್ದು, ಇಂಥ ರೆಜಿಮೆಂಟ್, ಇಂಥ ಊರಿನ ಹತ್ತಿರ ಕೊನೆಯ ಬಾರಿ ಕಂಡವರಿದ್ದಾರೆ. ಆ ವಿವರವನ್ನು ಒಂದು ಕಾರ್ಡಿಗೆ ಇಳಿಸಿ, ಅಕಾರಾದಿಯಲ್ಲಿ ಅದರ ಜಾಗದಲ್ಲಿ ಇಡುತ್ತಾರೆ. ಇನ್ನೊಂದು ಕಡೆಯಿಂದ, ಹಿಡಿದ ದೇಶದ ಸರ್ಕಾರ ಕಳಿಸಿದ ಕೈದಿಗಳ ಪಟ್ಟಿ ಬರುತ್ತದೆ. ಅದರ ಒಂದೊಂದು ಹೆಸರಿಗೂ ಒಂದೊಂದು ಕಾರ್ಡ್ ಮಾಡಿ ಅದೇ ಪೆಟ್ಟಿಗೆಗೆ ಸೇರಿಸುತ್ತಾರೆ. ಒಂದು ದಿನ ಆ ಎರಡು ಕಾರ್ಡುಗಳು ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. ತಾಯಿ ಕೇಳಿದ್ದೂ ಅವಳ ಮಗನ ಹೆಸರೂ ಅಲ್ಲಿ ಕೂಡುತ್ತವೆ. ಅಂದೇ ಮನೆಗೆ ಉತ್ತರ ಹೊರಡುತ್ತದೆ. ಕಾರ್ಡು ಜೊತೆಯಾಗದಿದ್ದರೆ ಕೈಚೆಲ್ಲುತ್ತಿರಲಿಲ್ಲ. ಅದೇ ರೆಜಿಮೆಂಟಿನ ಬೇರೆ ಕೈದಿಗಳು ಯಾವ ಶಿಬಿರದಲ್ಲಿದ್ದಾರೆಂದು ನೋಡಿ, ಇಂಥವನನ್ನು ಕೊನೆಗೆ ಎಲ್ಲಿ ನೋಡಿದಿರಿ, ಆಗ ಅವನು ಹೇಗಿದ್ದ ಎಂದು ಕೇಳಿ ಬರೆಯುತ್ತಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿ ಸೇರಿದ್ದ ಕಾರ್ಡುಗಳು ಸುಮಾರು 70 ಲಕ್ಷ. ಎರಡನೆಯ ಮಹಾಯುದ್ಧದಲ್ಲಿ ಈ ಲೆಕ್ಕ ಕೋಟಿಗಳಿಗೆ ಏರಿತು. ಕೈಯಿಂದ ವಿಂಗಡಿಸುವುದು ಆಗದ ಮಾತಾಗಿ, ತೂತು ಕೊರೆದ ಕಾರ್ಡುಗಳನ್ನು ಓದುವ ಐಬಿಎಂ ಯಂತ್ರಗಳನ್ನು ತಂದರು.

ಈ ಏರ್ಪಾಡು ಎಷ್ಟು ದೊಡ್ಡದಾದರೂ ಅದರ ಕಣ್ಣಿಗೆ ಬೀಳದೆ ಹೋದವರು ಬಹಳ. ಮೊದಲನೆಯ ಮಹಾಯುದ್ಧದ ಕೈದಿಯೊಬ್ಬರ ದನಿ ಇಂದಿಗೂ ಉಳಿದಿದೆ. ಬರ್ಲಿನ್ ಹತ್ತಿರದ ವುನ್ಸ್‌ಡಾರ್ಫ್ ಎಂಬಲ್ಲಿ ಜರ್ಮನರು ಭಾರತೀಯ ಮತ್ತು ಆಫ್ರಿಕನ್ ಕೈದಿಗಳಿಗೆಂದೇ ಒಂದು ಶಿಬಿರ ನಡೆಸುತ್ತಿದ್ದರು. ಅಲ್ಲಿಗೆ ಭಾಷಾವಿಜ್ಞಾನಿಗಳು ಗ್ರಾಮಫೋನ್ ಸಲಕರಣೆ ಹೊತ್ತು ಬಂದು ಕೈದಿಗಳ ಮಾತನ್ನು ಮುದ್ರಿಸಿಕೊಂಡರು. ಅವರಿಗೆ ಬೇಕಾಗಿದ್ದದ್ದು ಉಚ್ಚಾರಣೆಯ ಮಾದರಿ. 1916ರ ಡಿಸೆಂಬರ್ 11ರಂದು ಮಾಲ್ ಸಿಂಗ್ ಎಂಬ ಪಂಜಾಬಿ ಸೈನಿಕ ಗ್ರಾಮಫೋನಿನ ಕೊಳವೆಯ ಮುಂದೆ ನಿಂತು ಮಾತಾಡಿದ. ತನ್ನ ಬಗ್ಗೆಯೇ, ಆದರೆ ಬೇರೆ ಯಾರದೋ ಕಥೆ ಎಂಬಂತೆ: ಒಬ್ಬ ಮನುಷ್ಯನಿದ್ದ, ಹಿಂದೂಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ, ಹಾಲು ಕುಡಿಯುತ್ತಿದ್ದ, ಇಂಗ್ಲಿಷರ ಚಾಕರಿಗೆ ಸೇರಿ ಯುರೋಪಿನ ಯುದ್ಧಕ್ಕೆ ಬಂದ, ಜರ್ಮನರ ಸೆರೆಯಾದ, ಈಗ ಅವನಿಗೆ ಊರಿಗೆ ಹೋಗಬೇಕೆನಿಸಿದೆ. ಎಲ್ಲ ಸೇರಿ ಒಂದು ನಿಮಿಷದ ಆಸುಪಾಸಿನ ಮಾತು. ಅದು ಊರಿಗೆ ತಲುಪಬೇಕಾಗಿದ್ದ ಮಾತು, ಉಳಿದದ್ದು ಬರ್ಲಿನ್‌ನ ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲಿ. 2007ರಲ್ಲಿ ಅದರ ಮೇಲೊಂದು ಸಾಕ್ಷ್ಯಚಿತ್ರ ಬಂದ ಮೇಲಷ್ಟೇ ಹೊರಗಿನ ಜಗತ್ತು ಅದನ್ನು ಕೇಳಿತು.

ಈಗ ಸಿಂಗಪುರಕ್ಕೆ ಬರೋಣ. 1929ರಲ್ಲಿ ಯುದ್ಧಕೈದಿಗಳ ಬಗ್ಗೆ ಜಿನೀವಾದಲ್ಲಿ ಒಂದು ಒಪ್ಪಂದವಾಯಿತು. ಹಿಡಿದವರನ್ನು ಹೇಗೆ ನೋಡಿಕೊಳ್ಳಬೇಕು, ಹೆಸರುಗಳನ್ನು ಹೇಗೆ ತಿಳಿಸಬೇಕು ಎಂಬುದೆಲ್ಲ ಅದರಲ್ಲಿತ್ತು. ಜಪಾನ್ ಅದಕ್ಕೆ ಸಹಿ ಹಾಕಿತು, ಆದರೆ ದೇಶದ ಮಟ್ಟದಲ್ಲಿ ಅಂಗೀಕರಿಸಲಿಲ್ಲ. ಯುದ್ಧ ಶುರುವಾದ ಮೇಲೆ, ಸಾಧ್ಯವಾದಷ್ಟು ಪಾಲಿಸುತ್ತೇವೆ ಎಂಬರ್ಥದ ಭರವಸೆ ಕೊಟ್ಟಿತು. ಆ ‘ಸಾಧ್ಯವಾದಷ್ಟು’ ಎಷ್ಟೆಂಬುದನ್ನು ಮನೆಮನೆಯವರು ಅನುಭವಿಸಿದರು. ಪಟ್ಟಿಗಳು ತಡವಾಗಿ ಬಂದವು, ಅರ್ಧಂಬರ್ಧ ಬಂದವು, ಎಷ್ಟೋ ಹೆಸರುಗಳು ಬರಲೇ ಇಲ್ಲ. ಸಿಂಗಪುರದ ಚಾಂಗಿ ಶಿಬಿರದಲ್ಲಿ 1942ರ ಮಧ್ಯದಲ್ಲಿ ಬರೆದ ಕಾರ್ಡುಗಳು ಮನೆಗಳನ್ನು ಮುಟ್ಟಿದ್ದು 1943ರಲ್ಲಿ.

ಆ ಕಾರ್ಡುಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿದರೆ ಆ ಕಾಲದ ಬಡತನ ಗೊತ್ತಾಗುತ್ತದೆ. ನಾನು ಹೇಳುತ್ತಿರುವುದು ಸುದ್ದಿಯ ಬಡತನ. ಮೇಲ್ಗಡೆ ಜಪಾನಿ ಸೈನ್ಯದ ಹೆಸರು. ಕೆಳಗೆ ಇಂಗ್ಲಿಷಿನಲ್ಲಿ ಅಚ್ಚಾದ ಸಾಲುಗಳು: ನಾನು ಇಂಥಲ್ಲಿ ಸೆರೆಯಲ್ಲಿದ್ದೇನೆ. ನನ್ನ ಆರೋಗ್ಯ ತುಂಬ ಚೆನ್ನಾಗಿದೆ, ಎಂದಿನಂತಿದೆ, ಚೆನ್ನಾಗಿಲ್ಲ. ಆಸ್ಪತ್ರೆಯಲ್ಲಿದ್ದೇನೆ. ಕೂಲಿಗೆ ಕೆಲಸ ಮಾಡುತ್ತಿದ್ದೇನೆ. ಬೇಡವಾದದ್ದನ್ನು ಹೊಡೆದುಹಾಕಿ ಬೇಕಾದದ್ದನ್ನು ಉಳಿಸಬೇಕು. ಬೇರೆ ನಮೂನೆಯ ಕಾರ್ಡುಗಳಲ್ಲಿ ಇಪ್ಪತ್ತೈದು ಪದಗಳಿಗೆ ಅವಕಾಶ. ಭೇದಿಯಿಂದ ನರಳುತ್ತಿದ್ದವನೂ ‘ಚೆನ್ನಾಗಿದೆ’ ಎಂಬ ಸಾಲನ್ನೇ ಉಳಿಸುತ್ತಿದ್ದ. ಮನೆಯವರು ಗಾಬರಿಯಾಗಬಾರದು, ಕಾರ್ಡು ಸೆನ್ಸಾರಿನಲ್ಲಿ ಸಿಕ್ಕಿಹಾಕಿಕೊಳ್ಳಲೂಬಾರದು. ಹಾಗಾಗಿ ಓದುವವರಿಗೆ ಆ ಅಚ್ಚಿನ ಸಾಲುಗಳಿಂದ ತಿಳಿಯುತ್ತಿದ್ದದ್ದು ಕಡಿಮೆ. ಅವರು ಮೊದಲು ಹುಡುಕುತ್ತಿದ್ದದ್ದು ಕೆಳಗಿನ ಸಹಿ. ಅದು ಅವನದೇ ಅಕ್ಷರವಾಗಿದ್ದರೆ, ಬರೆದ ದಿನದವರೆಗಂತೂ ಬದುಕಿದ್ದ ಎಂದಾಯಿತು. ಇಂಗ್ಲಿಷ್ ಬಾರದ ಹಳ್ಳಿಯ ಮನೆಗಳಲ್ಲಿ ಆ ಕಾರ್ಡನ್ನು ಮೇಷ್ಟರ ಹತ್ತಿರವೋ ಪೋಸ್ಟ್‌ಮಾಸ್ತರರ ಹತ್ತಿರವೋ ಒಯ್ದು ಓದಿಸಿಕೊಳ್ಳಬೇಕಾಗಿತ್ತು.

ಭಾರತೀಯ ಸೈನಿಕರ ಮನೆಗಳಿಗೆ ಇನ್ನೊಂದು ತೊಡಕೂ ಇತ್ತು. ಶರಣಾದ ಎರಡೇ ದಿನಕ್ಕೆ, ಫೆಬ್ರುವರಿ 17ರಂದು, ಜಪಾನಿಗಳು ಭಾರತೀಯರನ್ನು ಬೇರೆಮಾಡಿ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸೇರಿಸಿದರು. ಅಲ್ಲಿಂದ ಆಜಾದ್ ಹಿಂದ್ ಫೌಜ್ ರೂಪುಗೊಂಡಿತು. ಸಾವಿರಾರು ಮಂದಿ ಅದನ್ನು ಸೇರಿದರು. ಸೇರದೆ ಉಳಿದ ಸಾವಿರಾರು ಮಂದಿಯನ್ನು ಜಪಾನಿಗಳು ಹಡಗುಗಳಲ್ಲಿ ತುಂಬಿ ನ್ಯೂಗಿನಿಯಂಥ ದ್ವೀಪಗಳಿಗೆ ಕೂಲಿಗಳಾಗಿ ಸಾಗಿಸಿದರು. ಅಲ್ಲಿ ಹಸಿವು, ಮಲೇರಿಯಾ, ಹೊಡೆತಗಳಿಂದ ಸತ್ತವರು ಬಹಳ. ಫೌಜ್ ಸೇರಿದವರ ಸುದ್ದಿಯನ್ನು ಬ್ರಿಟಿಷ್ ಸರ್ಕಾರ ಇಲ್ಲಿ ಬಿಗಿಯಾಗಿ ಅದುಮಿಟ್ಟಿತು. ದ್ವೀಪಗಳಿಗೆ ಹೋದವರ ಸುದ್ದಿಯನ್ನು ಜಪಾನ್ ಕೊಡಲಿಲ್ಲ. ಹೀಗೆ ಇತ್ತ ಒಂದು ಸರ್ಕಾರ, ಅತ್ತ ಒಂದು ಸರ್ಕಾರ, ಎರಡೂ ಸೇರಿ ನಿಮ್ಮ ಅಜ್ಜಿಯಂಥವರನ್ನು ಕತ್ತಲೆಯಲ್ಲಿಟ್ಟವು. ತಡವೇಕೆ ಎಂಬ ನಿಮ್ಮ ಪ್ರಶ್ನೆಗೆ ದೂರ, ಹಡಗು, ಅಂಚೆ ಎಂಬ ಉತ್ತರಗಳೂ ಇವೆ. ಆದರೆ ದೊಡ್ಡ ಕಾರಣ ಅದಲ್ಲ. ಹೇಳಬಹುದಾಗಿದ್ದದ್ದನ್ನು ಹೇಳಲಿಲ್ಲ ಎಂಬುದೇ ದೊಡ್ಡ ಕಾರಣ.

ಅದೇ ಯುದ್ಧದಲ್ಲಿ ಉತ್ತರ ಆಫ್ರಿಕಾದಲ್ಲಿ ಸೆರೆಯಾಗಿ ಇಟಲಿ, ಜರ್ಮನಿಗಳ ಶಿಬಿರ ಸೇರಿದ ಭಾರತೀಯರ ಸ್ಥಿತಿ ಇದಕ್ಕಿಂತ ಎಷ್ಟೋ ಮೇಲು. ಆ ಎರಡು ದೇಶಗಳೂ ಒಪ್ಪಂದಕ್ಕೆ ಒಳಪಟ್ಟಿದ್ದವು. ಲಂಡನ್ನಿನಲ್ಲಿ ಇಂಡಿಯನ್ ಕಂಫರ್ಟ್ಸ್ ಫಂಡ್ ಎಂಬ ಸಂಸ್ಥೆಯ ಹೆಂಗಸರು ಬೇಳೆ, ಅಕ್ಕಿ, ಮಸಾಲೆ ಪುಡಿ ಇಟ್ಟು ಕಟ್ಟಿದ ಪೊಟ್ಟಣಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಆ ಶಿಬಿರಗಳಿಗೆ ಹೋದವು. ರೆಡ್ ಕ್ರಾಸ್ ಪೊಟ್ಟಣದ ಜೊತೆ ಒಂದು ರಸೀದಿ ಕಾರ್ಡು ಇರುತ್ತಿತ್ತು. ತಲುಪಿತು ಎಂದು ಕೈದಿ ಸಹಿ ಹಾಕಿ ಕಳಿಸಿದರೆ, ಅವನು ಬದುಕಿದ್ದಾನೆ ಎಂಬುದಕ್ಕೂ ಅದೇ ಸಾಕ್ಷಿ.

ಇದೇ ಕಥೆಯ ಇನ್ನೊಂದು ಬದಿ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. 1940ರ ಕೊನೆಗೂ 1941ರ ಮೊದಲಿಗೂ ಲಿಬಿಯಾ ಕಡೆಯ ಕಾಳಗಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಇಟಾಲಿಯನ್ನರು ಬ್ರಿಟಿಷರಿಗೆ ಸೆರೆಯಾದರು. ಅವರಲ್ಲಿ ಹತ್ತಾರು ಸಾವಿರ ಮಂದಿಯನ್ನು ಭಾರತಕ್ಕೆ ತಂದರು. ಬೆಂಗಳೂರಿನ ಸುತ್ತಲಿನ ಶಿಬಿರಗಳಲ್ಲೂ ಅವರಿದ್ದರು. ಜಾಲಹಳ್ಳಿಯ ಕಡೆ ಹಳಬರು ಇಂದಿಗೂ ಅವರ ಮಾತೆತ್ತುತ್ತಾರೆ. ಸಿಸಿಲಿಯ ಯಾವುದೋ ಹಳ್ಳಿಯ ತಾಯಿಗೆ ಬೆಂಗಳೂರು ಎಲ್ಲಿದೆಯೆಂದು ಹೇಗೆ ಗೊತ್ತಾಗಬೇಕು? ಅವಳಿಗೆ ಆಸರೆಯಾದದ್ದು ರೇಡಿಯೊ. ಪೋಪರ ವ್ಯಾಟಿಕನ್ನಿನಲ್ಲಿ ಕೈದಿಗಳ ಮಾಹಿತಿಗೆಂದೇ ಒಂದು ಕಚೇರಿ ತೆರೆದು, ಜಗತ್ತಿನ ಬೇರೆಬೇರೆ ಕಡೆಯ ಪಾದ್ರಿಗಳು ಶಿಬಿರಗಳಿಗೆ ಹೋಗಿ ಬರೆದುಕೊಂಡು ಬಂದ ಹೆಸರುಗಳನ್ನು ವ್ಯಾಟಿಕನ್ ರೇಡಿಯೊದಲ್ಲಿ ಓದಿಸುತ್ತಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಹೀಗೆ ಗಾಳಿಯಲ್ಲಿ ಹೋದ ಸಂದೇಶಗಳು ಹನ್ನೆರಡು ಲಕ್ಷಕ್ಕೂ ಹೆಚ್ಚು. ಕೈದಿಯ ಹೆಸರು, ಅವನ ಊರು, ‘ಚೆನ್ನಾಗಿದ್ದೇನೆ’ ಎಂಬ ಒಂದು ಮಾತು, ಅಷ್ಟೇ. ಊರಿಗೊಂದು ರೇಡಿಯೊ ಇದ್ದರೆ ಅದರ ಮುಂದೆ ಊರೇ ಕೂರುತ್ತಿತ್ತು.

ರೇಡಿಯೊವನ್ನು ಕೇಡಿಗೆ ಬಳಸಿದವರೂ ಇದ್ದರು. ಬರ್ಲಿನ್ ಮತ್ತು ಟೋಕಿಯೊ ನಿಲಯಗಳು ತಮ್ಮ ಪ್ರಚಾರದ ಮಾತುಗಳ ನಡುನಡುವೆ ಅಮೆರಿಕದ, ಬ್ರಿಟನ್ನಿನ ಕೈದಿಗಳ ಹೆಸರು, ಮನೆಯ ವಿಳಾಸಗಳನ್ನು ಓದುತ್ತಿದ್ದವು. ಮಗನ ಹೆಸರು ಬರಬಹುದೆಂಬ ಆಸೆಗೆ ತಾಯಿತಂದೆಯರು ಶತ್ರುವಿನ ಪ್ರಚಾರವನ್ನೆಲ್ಲ ಕೇಳಲಿ ಎಂಬ ಲೆಕ್ಕಾಚಾರ. ಒಬ್ಬ ತಾಯಿಯ ಸಂಕಟವನ್ನು ಹೀಗೆ ಗಾಳವಾಗಿ ಬಳಸುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯವೇ. ಆದರೆ ಅದಕ್ಕೆ ಸಿಕ್ಕ ಉತ್ತರ ಮನಸ್ಸು ತುಂಬುವಂಥದ್ದು. ಅಮೆರಿಕದ ಊರೂರುಗಳಲ್ಲಿ ಶಾರ್ಟ್‌ವೇವ್ ರೇಡಿಯೊ ಹಚ್ಚಿಕೊಂಡು ಕೂರುವ ಹವ್ಯಾಸಿಗಳಿದ್ದರು. ಅವರು ನಿದ್ದೆಗೆಟ್ಟು ಕೇಳಿ, ಕಿವಿಗೆ ಬಿದ್ದ ಹೆಸರು ವಿಳಾಸಗಳನ್ನು ಗೀಚಿಕೊಂಡು, ಗುರುತು ಪರಿಚಯ ಇಲ್ಲದ ಆ ಮನೆಗಳಿಗೆ ತಮ್ಮ ಖರ್ಚಿನಲ್ಲೇ ಕಾರ್ಡು ಬರೆದರು: ಕಳೆದ ರಾತ್ರಿ ನಿಮ್ಮ ಮಗನ ಹೆಸರು ಕೇಳಿದೆ, ಅವನು ಸೆರೆಯಲ್ಲಿದ್ದಾನಂತೆ, ಚೆನ್ನಾಗಿದ್ದಾನಂತೆ. ಒಂದೇ ಹೆಸರಿಗೆ ಬೇರೆಬೇರೆ ಊರುಗಳಿಂದ ಹತ್ತಾರು ಕಾರ್ಡುಗಳು ಬಂದ ಮನೆಗಳಿವೆ. ಶತ್ರು ಹೇಳಿದ್ದನ್ನು ಪೂರ್ತಿ ನಂಬಬೇಡಿ ಎಂದು ಸರ್ಕಾರ ಎಚ್ಚರಿಸಿತು, ಅದು ಸರಿಯೂ ಹೌದು. ಆದರೂ ಆ ಕಾರ್ಡುಗಳನ್ನು ಮನೆಯವರು ಜೋಪಾನವಾಗಿ ಇಟ್ಟುಕೊಂಡರು. ಇಂದು ರಷ್ಯಾ–ಉಕ್ರೇನ್ ಯುದ್ಧದಲ್ಲಿ ಮನೆಯವರು ಟೆಲಿಗ್ರಾಮಿನಲ್ಲಿ ಶತ್ರುಪಕ್ಷ ಹಾಕುವ ಕೈದಿಗಳ ವಿಡಿಯೊಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಮುಖ ಗುರುತಿಸುತ್ತಿದ್ದಾರೆ. ಆ ಯುದ್ಧಕ್ಕೆಂದೇ ರೆಡ್ ಕ್ರಾಸ್ 2022ರಲ್ಲಿ ಪ್ರತ್ಯೇಕ ವಿಭಾಗವನ್ನು ತೆರೆಯಬೇಕಾಯಿತು.

ಹೆಸರು ಕೊಡದ ಯುದ್ಧ ಯಾವ ಮಟ್ಟಕ್ಕೆ ಹೋಗಬಹುದು ಎಂಬುದಕ್ಕೆ ಜರ್ಮನಿ–ರಷ್ಯಾ ರಣರಂಗಕ್ಕಿಂತ ದೊಡ್ಡ ಉದಾಹರಣೆ ಇಲ್ಲ. ಸೋವಿಯತ್ ಒಕ್ಕೂಟ 1929ರ ಒಪ್ಪಂದಕ್ಕೆ ಸೇರಿರಲಿಲ್ಲ. ಎರಡೂ ಕಡೆ ಲಕ್ಷಲಕ್ಷ ಕೈದಿಗಳು ಹೆಸರಿಲ್ಲದೆ ಸತ್ತರು. ಉಳಿದ ಜರ್ಮನ್ ಕೈದಿಗಳಲ್ಲಿ ಕೊನೆಯವರು ಮನೆಗೆ ಬಂದದ್ದು 1955ರಲ್ಲಿ ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನಾವರ್ ಮಾಸ್ಕೋಗೆ ಹೋಗಿಬಂದ ಮೇಲೆ. ಅವರು ಬಂದಿಳಿಯುತ್ತಿದ್ದ ಫ್ರೀಡ್‌ಲ್ಯಾಂಡ್ ಶಿಬಿರದ ಬಾಗಿಲಲ್ಲಿ ಮುದುಕಿಯರು ಮಗನ ಭಾವಚಿತ್ರ ಅಂಟಿಸಿದ ಹಲಗೆ ಹಿಡಿದು, ಇವನನ್ನು ಕಂಡಿದ್ದೀರಾ ಎಂದು ಒಬ್ಬೊಬ್ಬರನ್ನೂ ಕೇಳುತ್ತ ನಿಂತಿರುತ್ತಿದ್ದರು.

ಇದನ್ನೆಲ್ಲ ಕಂಡ ಮೇಲೆಯೇ 1949ರ ಜಿನೀವಾ ಒಪ್ಪಂದ ಬಿಗಿಯಾದದ್ದು. ಈಗ ನಿಯಮ ಸ್ಪಷ್ಟವಾಗಿದೆ. ಸೆರೆಸಿಕ್ಕವನು ಹೇಳಬೇಕಾದದ್ದು ತನ್ನ ಹೆಸರು, ದರ್ಜೆ, ಹುಟ್ಟಿದ ದಿನಾಂಕ, ಸೈನ್ಯದ ಸಂಖ್ಯೆ ಇಷ್ಟನ್ನೇ. ಶಿಬಿರ ಸೇರಿದ ಒಂದು ವಾರದೊಳಗೆ ಮನೆಗೊಂದು, ಜಿನೀವಾದ ಕೇಂದ್ರಕ್ಕೊಂದು ಕಾರ್ಡು ಬರೆಯಲು ಅವನಿಗೆ ಅವಕಾಶ ಕೊಡಬೇಕು. ಆಮೇಲೆ ತಿಂಗಳಿಗೆ ಕಡಿಮೆಯೆಂದರೂ ಎರಡು ಪತ್ರ, ನಾಲ್ಕು ಕಾರ್ಡು, ಅಂಚೆ ವೆಚ್ಚವಿಲ್ಲದೆ. ಯುದ್ಧ ಮಾಡುವ ಪ್ರತಿ ದೇಶವೂ ಕೈದಿಗಳ ಮಾಹಿತಿ ಕಚೇರಿ ತೆರೆಯಬೇಕು. ರೆಡ್ ಕ್ರಾಸ್ ಪ್ರತಿನಿಧಿಗಳು ಕೈದಿಯ ಜೊತೆ ಏಕಾಂತದಲ್ಲಿ ಮಾತಾಡಬಹುದು. ಭಾರತವೂ ಪಾಕಿಸ್ತಾನವೂ ಚೀನಾವೂ ಇದಕ್ಕೆ ಒಪ್ಪಿದ ದೇಶಗಳೇ. ಹಾಗಿದ್ದೂ ನಮ್ಮ ಮೂರು ಯುದ್ಧಗಳಲ್ಲಿ ಮೂರು ರೀತಿಯಾಯಿತು.

1962ರಲ್ಲಿ ಚೀನಾಕ್ಕೆ ಸೆರೆಯಾದ ನಮ್ಮವರು ಸುಮಾರು 3,900. ಅವರಲ್ಲಿ ಬ್ರಿಗೇಡಿಯರ್ ಜಾನ್ ದಳವಿಯೂ ಒಬ್ಬರು. ಅವರ ‘ಹಿಮಾಲಯನ್ ಬ್ಲಂಡರ್’ ಪುಸ್ತಕವನ್ನು ರವಿ ಬೆಳಗೆರೆಯವರ ಕನ್ನಡದಲ್ಲಿ ನೀವು ಓದಿರಬಹುದು. ದಳವಿ ಬಿಡುಗಡೆಯಾಗಿ ಮನೆ ಸೇರಿದ್ದು 1963ರ ಮೇ ತಿಂಗಳಲ್ಲಿ. ಬೇಸಿಗೆ ಕಳೆಯುವಷ್ಟರಲ್ಲಿ ಆ ಅಧ್ಯಾಯ ಮುಗಿದಿತ್ತು.

1965ರ ಘಟನೆ ನಮ್ಮ ಕೊಡಗಿನದು. ಯುದ್ಧ ನಿಲ್ಲುವ ಹಿಂದಿನ ದಿನ, ಸೆಪ್ಟೆಂಬರ್ 22ರಂದು, ಜನರಲ್ ಕಾರ್ಯಪ್ಪನವರ ಮಗ, ಪೈಲಟ್ ನಂದಾ ಕಾರ್ಯಪ್ಪ ಹಾರಿಸುತ್ತಿದ್ದ ವಿಮಾನಕ್ಕೆ ಗುಂಡು ತಾಗಿತು. ಗಾಯಗೊಂಡು ಪಾಕಿಸ್ತಾನದ ಕಡೆ ಇಳಿದರು, ಸೆರೆಯಾದರು. ಅವರು ಯಾರ ಮಗ ಎಂದು ಗೊತ್ತಾದ ಕೂಡಲೇ ಪಾಕಿಸ್ತಾನದ ರೇಡಿಯೊ ಸುದ್ದಿ ಬಿತ್ತರಿಸಿತು. ಅಧ್ಯಕ್ಷ ಅಯೂಬ್ ಖಾನ್ ದೇಶವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗ ಕ್ಷೇಮವಾಗಿದ್ದಾನೆಂದು ಅವರು ಹೇಳಿಕಳಿಸಿದರು, ವಿಶೇಷವಾಗಿ ನೋಡಿಕೊಳ್ಳುವ ಮಾತನ್ನೂ ಆಡಿದರು. ಕಾರ್ಯಪ್ಪನವರು ಅದನ್ನು ಒಪ್ಪಲಿಲ್ಲ. ಸೆರೆಯಲ್ಲಿರುವ ಸೈನಿಕರೆಲ್ಲರೂ ತನ್ನ ಮಕ್ಕಳೇ, ನೋಡಿಕೊಳ್ಳುವುದಾದರೆ ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬರ್ಥದ ಉತ್ತರ ಕೊಟ್ಟರು. ಈ ಪ್ರಸಂಗವನ್ನು ನಾವು ಕಾರ್ಯಪ್ಪನವರ ದೊಡ್ಡತನಕ್ಕೆ ನಿದರ್ಶನವಾಗಿ ಹೇಳುತ್ತೇವೆ, ಅದು ಸರಿ. ಆದರೆ ಅದರಲ್ಲಿ ಇನ್ನೊಂದು ವಿಚಾರವೂ ಇದೆ. ಹೆಸರಾಂತ ತಂದೆಯ ಮಗನ ಸುದ್ದಿ ಬೇಗ ಬಂತು. ಅದೇ ದಿನ ಸೆರೆಯಾದ ಸಾಮಾನ್ಯ ಸಿಪಾಯಿಯ ಮನೆಗೆ ಯಾವ ರಾಷ್ಟ್ರಾಧ್ಯಕ್ಷರೂ ಹೇಳಿಕಳಿಸಲಿಲ್ಲ. ಕಾರ್ಯಪ್ಪನವರ ಉತ್ತರ ಬೊಟ್ಟುಮಾಡಿದ್ದು ಆ ಸಿಪಾಯಿಯ ಕಡೆಗೆ.

1971ರದ್ದು ನೋವಿನ ಕಥೆ. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನಿ ಸೈನ್ಯ ಶರಣಾಗಿ, ಸುಮಾರು 93,000 ಮಂದಿ ಭಾರತದ ವಶಕ್ಕೆ ಬಂದರು. ಎರಡು ದೇಶಗಳ ನಡುವೆ ಅಂಚೆಯೇ ನಿಂತಿದ್ದರಿಂದ ಆ ಕೈದಿಗಳ ಪತ್ರಗಳು ರೆಡ್ ಕ್ರಾಸ್ ಮೂಲಕ ಸುತ್ತಿಬಳಸಿ ಲಾಹೋರ್, ರಾವಲ್ಪಿಂಡಿಗಳ ಮನೆ ಸೇರಿದವು. ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯ ತಾಯಂದಿರೂ ಕಾದರು. 1973ರ ಆಗಸ್ಟಿನ ದೆಹಲಿ ಒಪ್ಪಂದದ ನಂತರ ಅವರನ್ನು ಕಳಿಸಿಕೊಡುವುದು 1974ರ ಏಪ್ರಿಲ್‌ವರೆಗೆ ನಡೆಯಿತು. ಪಾಕಿಸ್ತಾನದಲ್ಲಿದ್ದ ನಮ್ಮ ಆರುನೂರಕ್ಕೂ ಹೆಚ್ಚು ಕೈದಿಗಳು 1972ರ ಡಿಸೆಂಬರ್ 1ರಂದು ವಾಘಾ ದಾಟಿ ಬಂದರು. ಅವರ ಸಾಲಿನಲ್ಲಿ ತಮ್ಮವರ ಮುಖ ಕಾಣದ ಮನೆಗಳು ಉಳಿದುಬಿಟ್ಟವು.

ಭಾರತ ಸರ್ಕಾರದ ಲೆಕ್ಕದಲ್ಲಿ ಕಾಣೆಯಾದ ಸೇನಾ ಸಿಬ್ಬಂದಿ 83 ಮಂದಿ. ಅವರಲ್ಲಿ ಹಲವರು ಯುದ್ಧಕೈದಿಗಳಾಗಿ ಪಾಕಿಸ್ತಾನದ ವಶದಲ್ಲಿದ್ದಾರೆ ಎಂಬ ನಂಬಿಕೆ. ಪಾಕಿಸ್ತಾನ ಇದನ್ನು ಎಂದೂ ಒಪ್ಪಿಲ್ಲ. ಮನೆಯವರ ನಂಬಿಕೆಗೆ ಆಧಾರವಿಲ್ಲದೆ ಇಲ್ಲ. ಬ್ಯಾಡ್ಮಿಂಟನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ದಮಯಂತಿ ತಾಂಬೆಯವರ ಪತಿ ವಾಯುಪಡೆಯ ಪೈಲಟ್. ಸೆರೆಸಿಕ್ಕ ಭಾರತೀಯ ಪೈಲಟ್‌ಗಳ ಸುದ್ದಿಯಲ್ಲಿ ಅವರ ಹೆಸರನ್ನೇ ಹೋಲುವ ಹೆಸರು ಆ ಡಿಸೆಂಬರ್‌ನಲ್ಲೇ ಪಾಕಿಸ್ತಾನದ ಪತ್ರಿಕೆಯೊಂದರಲ್ಲಿ ಬಂದಿತ್ತು. ಸತ್ತರೆಂದು ಸೈನ್ಯವೇ ತಿಳಿಸಿದ್ದ ಮೇಜರ್ ಒಬ್ಬರ ತಂದೆಗೆ ಮಗನ ಕೈಬರಹದ ಕಾಗದ ಬಂತು. ಈ ಮನೆಯವರು ದೆಹಲಿಯ ಕಚೇರಿಗಳನ್ನು ಹತ್ತಿಳಿದರು, ಮಂತ್ರಿಗಳು ಬದಲಾದಾಗಲೆಲ್ಲ ಮತ್ತೆ ಮೊದಲಿನಿಂದ ಹೇಳಿದರು. 1983ರಲ್ಲಿ ಕೆಲವರು ಮುಲ್ತಾನ್ ಜೈಲಿಗೆ ಹೋದರು. 2007ರ ಜೂನ್‌ನಲ್ಲಿ 14 ಮಂದಿ ಬಂಧುಗಳು ಪಾಕಿಸ್ತಾನದ ಹತ್ತು ಜೈಲುಗಳನ್ನು ನೋಡಿ ಬಂದರು. ತಮ್ಮವರು ಅಲ್ಲಿದ್ದಾರೆಂದು ಹೇಳಲು ಏನೂ ಸಿಗಲಿಲ್ಲ.

ಈ ಕಾಯುವಿಕೆಯಲ್ಲಿ ಹೊರಗಿನವರಿಗೆ ಹೊಳೆಯದ ಕಷ್ಟಗಳಿವೆ. ಸತ್ತ ದಿನ ಗೊತ್ತಿಲ್ಲದಿದ್ದರೆ ಯಾವ ತಿಥಿಗೆ ಎಡೆ ಇಡಬೇಕು? ಎಡೆ ಇಟ್ಟರೆ, ಬದುಕಿರಬಹುದಾದವನನ್ನು ನಾವೇ ಸಾಯಿಸಿದಂತೆ ಎಂಬ ಅಂಜಿಕೆ. ಇಡದಿದ್ದರೆ ಪಿತೃಕಾರ್ಯ ತಪ್ಪಿಸಿದ ಅಳುಕು. ಜಮೀನಿನ ಖಾತೆ ಯಾರ ಹೆಸರಿಗೆ? ತಂಗಿಯ ಮದುವೆಗೆ ಅಣ್ಣನನ್ನು ಕಾಯಬೇಕೋ ಬೇಡವೋ? ಸಾವಿನ ಸುದ್ದಿ ಬಂದ ಮನೆ ಅತ್ತು ಹಗುರಾಗುತ್ತದೆ. ಸುದ್ದಿಯೇ ಬಾರದ ಮನೆಗೆ ಆ ಅಳುವೂ ಇಲ್ಲ. ಅದಕ್ಕೇ ನಾನು ಹೇಳುವುದು: ಹೆಸರು ತಿಳಿಸುವುದು ಹಿಡಿದವರ ಔದಾರ್ಯವಲ್ಲ, ಮನೆಯವರ ಹಕ್ಕು. 1977ರ ಜಿನೀವಾ ಪೂರಕ ಒಪ್ಪಂದದಲ್ಲಿ ‘ಕುಟುಂಬಗಳಿಗೆ ತಮ್ಮವರ ಗತಿ ಏನಾಯಿತೆಂದು ತಿಳಿಯುವ ಹಕ್ಕು ಇದೆ’ ಎಂಬ ಮಾತನ್ನು ಸೇರಿಸಿದ್ದಾರೆ. ಆ ಪೂರಕ ಒಪ್ಪಂದಕ್ಕೆ ಭಾರತವೂ ಪಾಕಿಸ್ತಾನವೂ ಇನ್ನೂ ಸೇರಿಲ್ಲ. ಎರಡೂ ಸೇರಬೇಕು.

ಕೊನೆಗೆ, ನಿಮ್ಮ ಅಜ್ಜಿಯ ಅಣ್ಣನ ದಾಖಲೆ. ಅವರು ಸೆರೆಯಲ್ಲೇ ತೀರಿಕೊಂಡಿದ್ದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಹುಡುಕಿ. ಸಮಾಧಿಯ ಗುರುತು ಸಿಗದ 24,000ಕ್ಕೂ ಹೆಚ್ಚು ಮಂದಿಯ ಹೆಸರುಗಳು ಸಿಂಗಪುರದ ಕ್ರಾಂಜಿಯ ಸ್ಮಾರಕದಲ್ಲಿವೆ. ಭಾರತೀಯರ ನಮೂದುಗಳಲ್ಲಿ ತಂದೆಯ ಹೆಸರು, ಹಳ್ಳಿ, ಜಿಲ್ಲೆ ಎಷ್ಟೋ ಕಡೆ ಸಿಗುತ್ತವೆ. ಇಂಗ್ಲಿಷ್ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಹಾಗಾಗಿ ಕಾಗುಣಿತವನ್ನು ನಾಲ್ಕಾರು ರೀತಿಯಲ್ಲಿ ಬದಲಿಸಿ ನೋಡಬೇಕು. ಜಿನೀವಾದ ರೆಡ್ ಕ್ರಾಸ್ ಸಮಿತಿ ಮೊದಲನೆಯ ಮಹಾಯುದ್ಧದ ಕಾರ್ಡುಗಳನ್ನು ಎಲ್ಲರಿಗೂ ಕಾಣುವಂತೆ ಜಾಲತಾಣದಲ್ಲಿ ಇಟ್ಟಿದೆ. ಎರಡನೆಯ ಮಹಾಯುದ್ಧದ್ದಕ್ಕೆ ಅದರ ಪತ್ರಾಗಾರಕ್ಕೆ ಬರೆದು ಕೇಳಬೇಕು. ಅರ್ಜಿಗಳನ್ನು ಅವರು ಆಗಾಗ, ಮಿತವಾದ ಸಂಖ್ಯೆಯಲ್ಲಿ ತೆಗೆದುಕೊಳ್ಳುತ್ತಾರೆ. ಮೈಸೂರು ಸಂಸ್ಥಾನದ ಕಡತಗಳು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿವೆ. ಸ್ವಾತಂತ್ರ್ಯದ ನಂತರ ಮೈಸೂರು ಇನ್‌ಫ್ಯಾಂಟ್ರಿ ಮದ್ರಾಸ್ ರೆಜಿಮೆಂಟಿನಲ್ಲಿ ಸೇರಿಹೋಯಿತು. ಅದರ ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಅಲ್ಲಿಗೂ ಒಂದು ಕಾಗದ ಹಾಕಿ.

ಎಲ್ಲಿಗೆ ಬರೆದರೂ ಬೇಕಾಗುವುದು ಅವರ ಪೂರ್ತಿ ಹೆಸರು, ತಂದೆಯ ಹೆಸರು, ಊರು, ತಾಲ್ಲೂಕು, ಸಾಧ್ಯವಾದರೆ ಸೈನ್ಯದ ಸಂಖ್ಯೆ. ಹಳೆಯ ಟ್ರಂಕಿನಲ್ಲಿ ಪೆನ್ಷನ್ ಪುಸ್ತಕ, ಪದಕ, ಮನಿಯಾರ್ಡರ್ ಚೀಟಿ ಇದ್ದರೆ ಸಂಖ್ಯೆ ಅದರಲ್ಲಿ ಇರಬಹುದು. ಪದಕದ ಅಂಚನ್ನೂ ತಿರುಗಿಸಿ ನೋಡಿ. ಮನೆಯ ಹಿರಿಯರು ಇನ್ನೂ ಇದ್ದರೆ ಈ ವಿವರಗಳನ್ನು ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ.